ಮೂರು ಪದರದ ಸೆನ್ಸರ್ ಇದ್ದರೂ ಮುಖದ ಮೇಲೆ ಹಸಿರು ಕಲೆ ಯಾಕೆ?

ಪ್ರಶ್ನೆ: "ಸರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ಮಾ ಡಿಪಿ2 ಮೆರಿಲ್ ತಗೊಂಡೆ. ಹಗಲಲ್ಲಿ ಹೊರಗೆ ತೆಗೆದ ಫೋಟೋ ತುಂಬಾ ಚೆನ್ನಾಗಿವೆ. ಆದರೆ ತಂಗಿ ಮದುವೆ ರಿಸೆಪ್ಷನ್‌ನಲ್ಲಿ ಐಎಸ್‌ಒ 1600 ಇಟ್ಟು ತೆಗೆದದ್ದರಲ್ಲಿ ಎಲ್ಲರ ಮುಖದ ಮೇಲೂ ಹಸಿರು, ನೇರಳೆ ಕಲೆ. ಮೂರು ಪದರದ ಸೆನ್ಸರ್, ಬಣ್ಣ ಶುದ್ಧವಾಗಿ ಬರುತ್ತೆ ಅಂತಾರೆ. ನನ್ನ ಸೆನ್ಸರ್ ಹೋಗಿದೆಯಾ?"

ಹೋಗಿಲ್ಲ. ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಚಿಪ್, ಸರಿಯಾಗೇ ಇದೆ. ಈ ಕ್ಯಾಮೆರಾ ಐಎಸ್‌ಒ 100, 200ಕ್ಕೆ ಹೇಳಿ ಮಾಡಿಸಿದ್ದು. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಂಕ, ಕತ್ತಲಾದಷ್ಟೂ ಅದನ್ನು ಏರಿಸುತ್ತೇವೆ. 400ರವರೆಗೆ ಹೇಗೋ ನಡೆಯುತ್ತೆ. ಅದರಾಚೆ ಬಣ್ಣದ ಫೋಟೋ ನಿರೀಕ್ಷಿಸಬೇಡಿ. ಮೆನುವಿನಲ್ಲಿ 6400ರವರೆಗೆ ಇದೆ ಅಂತ ಅಷ್ಟಕ್ಕೂ ಹೋಗಬೇಕಿಲ್ಲ.

ಇದೇ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲ ಎರಡು ಸಾಲು ಬರೆದು ಸುಮ್ನಾಗುತ್ತಿದ್ದೆ, ಅದೇ ತಪ್ಪಾಯಿತು. ನಿಮ್ಮ ಪ್ರಶ್ನೆಯೊಳಗೆ ಒಂದು ನಂಬಿಕೆ ಕೂತಿದೆ ನೋಡಿ, "ಮೂರು ಪದರ, ಹಾಗಾಗಿ ಶುದ್ಧ ಬಣ್ಣ" ಅಂತ. ಅದನ್ನು ಬೇರು ಸಮೇತ ಕೀಳದೆ ಈ ಕಲೆಗಳು ಅರ್ಥವಾಗಲ್ಲ.

ಮೊದಲು ಮಾಮೂಲಿ ಕ್ಯಾಮೆರಾ ನೋಡೋಣ. ಕೊಡ್ಯಾಕ್‌ನ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸವೇ ಇವತ್ತಿಗೂ ಬಹುತೇಕ ಎಲ್ಲ ಕ್ಯಾಮೆರಾ, ಫೋನ್‌ಗಳಲ್ಲಿರುವುದು. ಸೆನ್ಸರ್ ತುಂಬ ಬೆಳಕು ಅಳೆಯುವ ಚುಕ್ಕಿಗಳು (ಪಿಕ್ಸೆಲ್), ಪ್ರತಿ ಚುಕ್ಕಿಯ ಮೇಲೂ ಒಂದು ಬಣ್ಣದ ಗಾಜು. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಹಸಿರು ಗಾಜಿನ ಕೆಳಗಿರುವ ಚುಕ್ಕಿಗೆ ಅಲ್ಲಿ ಬಿದ್ದ ಕೆಂಪು ಎಷ್ಟು, ನೀಲಿ ಎಷ್ಟು ಅಂತ ಗೊತ್ತೇ ಆಗಲ್ಲ. ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಸಾಫ್ಟ್‌ವೇರ್ ಅಂದಾಜು ಮಾಡುತ್ತೆ.

ನಿಮ್ಮ ಕ್ಯಾಮೆರಾದಲ್ಲಿರುವ ಮೂರು ಪದರದ ಫೋವಿಯಾನ್ ಸೆನ್ಸರ್‌ನಲ್ಲಿ ಆ ಗಾಜುಗಳಿಲ್ಲ. ಬೆಳಕು ಸಿಲಿಕಾನ್ ಒಳಗೆ ಇಳಿಯುವಾಗ ಒಂದೊಂದು ಬಣ್ಣ ಒಂದೊಂದು ಆಳಕ್ಕೆ ಹೋಗುತ್ತೆ. ನೀಲಿ ಹೆಚ್ಚಿನ ಪಾಲು ಮೊದಲ ಅರ್ಧ ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಪಾಲು) ಆಸುಪಾಸಿನಲ್ಲೇ ಮುಗಿಯುತ್ತೆ, ಹಸಿರು ಅದಕ್ಕಿಂತ ಕೆಳಗಿಳಿಯುತ್ತೆ, ಕೆಂಪು ಮೂರು ಮೈಕ್ರಾನ್ ದಾಟಿಯೂ ಹೋಗುತ್ತೆ. ಹಾಗಾಗಿ ಒಂದೇ ಜಾಗದಲ್ಲಿ ಮೂರು ಆಳದಲ್ಲಿ ಅಳೆಯುತ್ತಾರೆ. ಇದನ್ನು ರೂಪಿಸಿದ ಎಂಜಿನಿಯರ್ ಡಿಕ್ ಮೆರಿಲ್ 2008ರಲ್ಲಿ ತೀರಿಕೊಂಡರು. ನಿಮ್ಮ ಕ್ಯಾಮೆರಾಗೆ ಇರುವುದು ಅವರದೇ ಹೆಸರು.

ಇಲ್ಲಿಯವರೆಗೆ ಎಲ್ಲರೂ ಸರಿಯಾಗೇ ಹೇಳುತ್ತಾರೆ. ಇದಾದ ಮೇಲೆ ದಾರಿ ತಪ್ಪುತ್ತಾರೆ. ಮೇಲಿನ ಪದರ ನೀಲಿ, ನಡುವಿನದು ಹಸಿರು, ಕೆಳಗಿನದು ಕೆಂಪು, ಆದ್ದರಿಂದ ಲೆಕ್ಕಾಚಾರವೇ ಬೇಡ, ಕಂಡದ್ದು ಕಂಡಂಗೆ ಬರುತ್ತೆ ಅಂತ. ಜರಡಿ ಹಿಡಿದಾಗ ರವೆ ಮೇಲುಳಿದು ಹಿಟ್ಟು ಕೆಳಗೆ ಬೀಳುತ್ತಲ್ಲ, ಬಣ್ಣಗಳೂ ಹಾಗೇ ಬೇರೆಯಾಗುತ್ತವೆ ಅಂತ ಅಂದುಕೊಂಡಿದ್ದಾರೆ. ಸಿಲಿಕಾನ್ ಜರಡಿ ಅಲ್ಲ. ಹಸಿರು ಬೆಳಕಿನ ಒಂದು ಪಾಲು ಮೇಲಿನ ಪದರದಲ್ಲೇ ಇಂಗುತ್ತೆ. ಕೆಂಪಿನ ಒಂದು ಪಾಲೂ ಅಲ್ಲೇ ಇಂಗುತ್ತೆ. ಅಂದರೆ ಮೇಲಿನ ಪದರ ಎಲ್ಲ ಬಣ್ಣವನ್ನೂ ನೋಡುತ್ತೆ, ನೀಲಿಯನ್ನು ಸ್ವಲ್ಪ ಜಾಸ್ತಿ ನೋಡುತ್ತೆ ಅಷ್ಟೇ. ಫಿಲ್ಟರ್‌ನಿಂದ ಮೊದಲು ಇಳಿದ ಡಿಕಾಕ್ಷನ್, ಎರಡನೇ ಡಿಕಾಕ್ಷನ್, ಮೂರನೇದು, ಹಾಗೆ ಇದು. ಮೂರರಲ್ಲೂ ಕಾಫಿ, ಚಿಕೋರಿ ಎರಡೂ ಇರುತ್ತವೆ, ಹದ ಮಾತ್ರ ಬೇರೆ.

ಹಾಗಿದ್ದರೆ ಬಣ್ಣ ಎಲ್ಲಿಂದ ಬರುತ್ತೆ? ಒಂದು ಪದರದಿಂದ ಇನ್ನೊಂದನ್ನು ಕಳೆದು ಬರುತ್ತೆ. ಎಲ್ಲ ಇಲ್ಲೇ ಇರುವುದು, ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಉದಾಹರಣೆಗೆ ಅಂತ ಇಟ್ಟುಕೊಳ್ಳಿ, ಒಂದು ಜಾಗದಲ್ಲಿ ಮೇಲಿನ ಪದರ 100 ಅಂತ ಹೇಳಿತು, ನಡುವಿನದು 92 ಅಂತ ಹೇಳಿತು. ಬಣ್ಣದ ಸುಳಿವು ಇರುವುದು ಆ 8ರ ವ್ಯತ್ಯಾಸದಲ್ಲಿ. ಒಳ್ಳೇ ಬೆಳಕಿದ್ದಾಗ ಅಳತೆಯಲ್ಲಿ ಹೆಚ್ಚೂ ಕಮ್ಮಿ ಅರ್ಧ ಅಂಕ ಆಚೀಚೆ ಆಗಬಹುದು, 8ರಲ್ಲಿ ಅರ್ಧ ದೊಡ್ಡದೇನಲ್ಲ. ಕತ್ತಲಲ್ಲಿ ಅದೇ ಅಳತೆ 4 ಅಂಕ ಆಚೀಚೆ ಆಯಿತು ಅಂದುಕೊಳ್ಳಿ. ನೂರಕ್ಕೆ ನಾಲ್ಕು ಅಂದರೆ ಬರೀ ಬೆಳಕಿನ ಮಟ್ಟಿಗೆ ಪರವಾಗಿಲ್ಲ. ಬಣ್ಣ ಇರುವುದು 8ರಲ್ಲಿ, ಅದಕ್ಕೆ 4 ಅಂದರೆ ಅರ್ಧಕ್ಕರ್ಧ. ಕಳೆಯುವಾಗ ಎರಡು ಪದರದ ತಪ್ಪೂ ಸೇರುತ್ತವೆ, ಸಾಲದ್ದಕ್ಕೆ ಉಳಿದ ಆ ಸಣ್ಣ ಸಂಖ್ಯೆಯನ್ನು ಗುಣಿಸಿ ದೊಡ್ಡದು ಮಾಡಬೇಕು, ಆಗ ತಪ್ಪೂ ದೊಡ್ಡದಾಗುತ್ತೆ. ನಡುವಿನ ಪದರದ ತಪ್ಪು ಒಂದು ಕಡೆ ವಾಲಿದರೆ ಹಸಿರು, ಇನ್ನೊಂದು ಕಡೆ ವಾಲಿದರೆ ನೇರಳೆ. ಸಾಫ್ಟ್‌ವೇರ್ ಸಣ್ಣ ಸಣ್ಣ ಚುಕ್ಕಿಗಳನ್ನು ಒರೆಸಿಬಿಡುತ್ತೆ, ದೊಡ್ಡ ಕಲೆಗಳು ಮಾತ್ರ ಉಳಿದುಕೊಳ್ಳುತ್ತವೆ. ನಿಮ್ಮ ತಂಗಿಯ ಕೆನ್ನೆ ಮೇಲೆ ಕೂತಿರುವುದು ಅದೇ. ಕಲ್ಯಾಣ ಮಂಟಪದ ಹಳದಿ ಬೆಳಕಲ್ಲಿ ನೀಲಿ ಅಂಶ ಮೊದಲೇ ಕಡಿಮೆ, ಹಾಗಾಗಿ ಇನ್ನೂ ಕಷ್ಟ.

ಅಂದರೆ ಲೆಕ್ಕಾಚಾರ ಇಲ್ಲದ ಕ್ಯಾಮೆರಾ ಅಂತ ಯಾವುದನ್ನು ಹೊಗಳುತ್ತಾರೋ, ಅದರಲ್ಲೇ ಬಣ್ಣದ ಲೆಕ್ಕಾಚಾರ ಎಲ್ಲಕ್ಕಿಂತ ಜಾಸ್ತಿ. ಬೇಯರ್‌ನಲ್ಲಿ ಅಂದಾಜು ಇರುವುದು ಜಾಗದ ವಿಷಯದಲ್ಲಿ. ಇದರಲ್ಲಿ ಅಂದಾಜು ಇರುವುದು ಬಣ್ಣದ ವಿಷಯದಲ್ಲಿ. ಜಾಗ ಮಾತ್ರ ಕರಾರುವಾಕ್ಕು, ಅದಕ್ಕೇ ಇದರ ಫೋಟೋಗಳಲ್ಲಿ ಅಷ್ಟು ಸೂಕ್ಷ್ಮ ಕಾಣುವುದು. 46 ಮೆಗಾಪಿಕ್ಸೆಲ್ ಅಂತ ಡಬ್ಬಿ ಮೇಲೆ ಬರೆದದ್ದೂ ಮೂರು ಪದರ ಸೇರಿಸಿ. ಫೈಲ್ ಬರುವುದು 4704 ಗುಣಿಸು 3136, ಸುಮಾರು 15 ಮೆಗಾಪಿಕ್ಸೆಲ್.

ಆ ಸೂಕ್ಷ್ಮ ಏನು ಅಂತ ನೋಡಬೇಕಾದರೆ ಒಂದು ಸೀರೆ ತೆಗೆದುಕೊಳ್ಳಿ. ನಮ್ಮಮ್ಮನ ಇಳಕಲ್ ಸೀರೆಯನ್ನು ಕಿಟಕಿ ಪಕ್ಕ ಹರವಿ, ಟ್ರೈಪಾಡ್ ಇಟ್ಟು, ಐಎಸ್‌ಒ 100, ಎಫ್ 5.6ರಲ್ಲಿ ತೆಗೆದೆ. ಹತ್ತಿ ಒಡಲಿಗೆ ರೇಷ್ಮೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿರುತ್ತಾರಲ್ಲ, ಆ ಗೆರೆಯನ್ನು ಪೂರ್ತಿ ಗಾತ್ರದಲ್ಲಿ ನೋಡಿದರೆ ಒಂದೊಂದು ಎಳೆ ಎಲ್ಲಿ ತಿರುಗಿ ವಾಪಸ್ ಬಂದಿದೆ ಅಂತ ಬೆರಳಿಟ್ಟು ತೋರಿಸಬಹುದು. ಹತ್ತಿಯ ಎಳೆಯಿಂದ ಎದ್ದ ಜುಂಗೂ ಕಾಣುತ್ತೆ. ಒಡಲಿನ ಸಣ್ಣ ಚೌಕಳಿ ಮೇಲೆ ಮಾಮೂಲಿ ಕ್ಯಾಮೆರಾದಲ್ಲಿ ಕಾಮನಬಿಲ್ಲಿನ ಹಾಗೆ ಸುಳ್ಳು ಬಣ್ಣದ ಪಟ್ಟೆ ಬಂದಿತ್ತು, ಇದರಲ್ಲಿ ಅದರ ಸುಳಿವೇ ಇಲ್ಲ. ಅಮ್ಮ ಆ ಪ್ರಿಂಟ್ ನೋಡಿ ಬಟ್ಟೆ ಮುಟ್ಟಿದ ಹಾಗೆ ಸವರಿದರು. ಅದಕ್ಕೇ ನಾನು ಈ ಕ್ಯಾಮೆರಾವನ್ನು ಬಿಟ್ಟುಕೊಟ್ಟಿಲ್ಲ.

ಉಳಿದದ್ದು ನಿಮಗೆ ಗೊತ್ತಿರುವುದೇ. ಬ್ಯಾಟರಿ ನೂರು ಫೋಟೋ ಬರುವಷ್ಟರಲ್ಲಿ ಮುಗಿಯುತ್ತೆ, ಡಬ್ಬಿಯಲ್ಲಿ ಎರಡು ಬ್ಯಾಟರಿ ಕೊಟ್ಟಿದ್ದೂ ಅದಕ್ಕೇ. ಫೈಲ್ ಕಾರ್ಡಿಗೆ ಇಳಿಯುವವರೆಗೆ ಕಾಯಬೇಕು. ಕೈ ಅಲುಗಿದರೆ ಹಿಡಿದು ನಿಲ್ಲಿಸುವ ವ್ಯವಸ್ಥೆ ಇಲ್ಲ.

ಈಗ ಯಾರೂ ಕೇಳದ ಒಂದು ಪ್ರಶ್ನೆ. ಜೆಪೆಗ್ ಮಾಡಿಕೊಂಡ ಮೇಲೆ ಎಕ್ಸ್3ಎಫ್ ಫೈಲ್, ಅಂದರೆ ಕ್ಯಾಮೆರಾ ಕೊಡುವ ಕಚ್ಚಾ (ರಾ) ಫೈಲ್, ಇಟ್ಟುಕೊಳ್ಳಬೇಕಾ? ಇದನ್ನು ಕೇಳಬೇಕಿತ್ತು, ಯಾರೂ ಕೇಳಲ್ಲ. ಒಂದೊಂದು ಫೈಲ್ 45 ಎಂಬಿ ಆಸುಪಾಸು ಇರುತ್ತೆ, ಜಾಗ ಸಾಲಲ್ಲ ಅಂತ ಅಳಿಸಿಬಿಡುತ್ತಾರೆ. ಅಳಿಸಬೇಡಿ. ಮೂರು ಪದರದ ಮೂಲ ಅಳತೆ ಇರುವುದು ಅದರಲ್ಲಿ ಮಾತ್ರ. ಅಡೋಬಿಯ ತಂತ್ರಾಂಶ ಮೆರಿಲ್ ಫೈಲನ್ನು ತೆರೆಯಲ್ಲ, ಸಿಗ್ಮಾದವರದೇ ತಂತ್ರಾಂಶ ಸಿಗ್ಮಾ ಫೋಟೋ ಪ್ರೊ ಬೇಕು. ಅದರಲ್ಲಿ ತೆರೆದು, ಬೆಳಕು ಮತ್ತು ವೈಟ್ ಬ್ಯಾಲೆನ್ಸ್ ಸರಿಮಾಡಿ, ಶಾರ್ಪ್‌ನೆಸ್ ಕೆಳಗಿಳಿಸಿ, 16 ಬಿಟ್ ಟಿಫ್ (ಜೆಪೆಗ್ ಹಾಗೆ ವಿವರ ಕಳೆದುಕೊಳ್ಳದ ಫೈಲ್) ಮಾಡಿಕೊಳ್ಳಿ. ಒಂದು ಟಿಫ್ ಸುಮಾರು 88 ಎಂಬಿ ಆಗುತ್ತೆ. ಉಳಿದ ಕೆಲಸ ನಿಮಗೆ ಅಭ್ಯಾಸವಿರುವ ತಂತ್ರಾಂಶದಲ್ಲಿ ಮಾಡಿ. ಆದರೆ ಟಿಫ್ ಜೊತೆಗೆ ಎಕ್ಸ್3ಎಫ್ ಕೂಡ ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ ಇರಲಿ.

ನಿಮಗಂತೂ ಈಗಲೇ ಎಕ್ಸ್3ಎಫ್ ಬೇಕು. ಯಾಕಂದರೆ ಸಿಗ್ಮಾ ಫೋಟೋ ಪ್ರೊದಲ್ಲಿ ಮಾನೋಕ್ರೋಮ್, ಅಂದರೆ ಕಪ್ಪು ಬಿಳುಪು, ಅಂತ ಒಂದು ಆಯ್ಕೆ ಇದೆ. ಅಲ್ಲಿ ಬಣ್ಣದ ಚಕ್ರದ ಚುಕ್ಕಿಯನ್ನು ನೀಲಿ ಕಡೆಗೆ ಎಳೆದರೆ ಮೇಲಿನ ಪದರದ ಪಾಲು ಜಾಸ್ತಿಯಾಗುತ್ತೆ. ಕಪ್ಪು ಬಿಳುಪು ಆದ್ದರಿಂದ ಕಳೆಯುವ ಗುಣಿಸುವ ಕೆಲಸ ಇಲ್ಲ, ಕಲೆಗಳೂ ಇಲ್ಲ, ಹಳೇ ಫಿಲ್ಮ್‌ನಲ್ಲಿ ಇರುತ್ತಿದ್ದಂಥ ಸಣ್ಣ ಕಾಳು ಮಾತ್ರ ಉಳಿಯುತ್ತೆ. ಐಎಸ್‌ಒ 1600ರಲ್ಲೂ ಪ್ರಿಂಟ್ ಹಾಕಿಸುವಂಥ ಫೋಟೋ ಬರುತ್ತೆ. ತಂಗಿಯ ರಿಸೆಪ್ಷನ್‌ನ ಎಕ್ಸ್3ಎಫ್ ಫೈಲ್‌ಗಳನ್ನು ಇನ್ನೂ ಅಳಿಸಿಲ್ಲ ತಾನೇ?