ಗೌರಿ ಹೂವಿನ ಗಡ್ಡೆ ಕುದಿಸಿದರೂ ವಿಷವೇ

ಮಳೆಗಾಲ ಶುರುವಾದರೆ ಸಾಕು, ಒಬ್ಬರಲ್ಲ ಒಬ್ಬರು ಬಂದು ಕೇಳುತ್ತಾರೆ. "ಡಾಕ್ಟ್ರೇ, ಬೇಲಿ ಮೇಲೆ ಅಗ್ನಿಶಿಖೆ, ಅದೇ ಗೌರಿ ಹೂವಿನ ಬಳ್ಳಿ, ಹಬ್ಬಿದೆ. ಗಡ್ಡೆ ಮಂಡಿನೋವಿಗೆ ಒಳ್ಳೇದಂತೆ. ಚೆನ್ನಾಗಿ ಕುದಿಸಿ ಕುಡಿದರೆ ಏನಾಗಲ್ಲ ಅಲ್ವಾ?"

ಆಗುತ್ತದೆ. ಜೀವವೇ ಹೋಗಬಹುದು.

ಈ ತಪ್ಪು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಸುವರ್ಣಗಡ್ಡೆ, ಕೆಸುವಿನ ತುರಿಕೆಯನ್ನು ಹುಣಸೆಹುಳಿ ಹಾಕಿ ಬೇಯಿಸಿ ಕಳೆಯುವ ಮನೆಗಳು ನಮ್ಮವು. ಇದೂ ಗಡ್ಡೆ, ಅದೂ ಗಡ್ಡೆ ಅನ್ನಿಸುತ್ತದೆ. ಆದರೆ ಅಗ್ನಿಶಿಖೆಯಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಕುದಿಸಿದರೆ ಹಾಳಾಗುವುದಿಲ್ಲ, ನೀರಿಗೆ ಇಳಿಯುತ್ತದೆ. ಕಷಾಯ ಮಾಡಿದರೆ ಗಡ್ಡೆಯಲ್ಲಿದ್ದ ವಿಷ ಲೋಟಕ್ಕೆ ಬಂತು, ಅಷ್ಟೇ. ಒಣಗಿಸಿ ಪುಡಿ ಮಾಡಿದರೂ ಹೋಗುವುದಿಲ್ಲ. ಬೀಜದಲ್ಲೂ ಇದೆ.

"ಗೌಟಿನ, ಅಂದ್ರೆ ಯೂರಿಕ್ ಆಸಿಡ್ ಕೀಲುನೋವಿನ, ಮಾತ್ರೆಯಲ್ಲೂ ಅದೇ ಇರೋದಂತೆ" ಅನ್ನುತ್ತಾರೆ ಓದಿಕೊಂಡವರು. ನಿಜ. ಆದರೆ ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ 0.5 ಮಿಲಿಗ್ರಾಂ ಇರುತ್ತದೆ, ಅದನ್ನೂ ಕಿಡ್ನಿ ಹೇಗಿದೆ ನೋಡಿಕೊಂಡೇ ಕೊಡಬೇಕು. ನಿಮ್ಮ ಬೇಲಿಯ ಗಡ್ಡೆಯಲ್ಲಿ ಎಷ್ಟಿದೆ ಅಂತ ಯಾರು ಅಳೆದಿದ್ದಾರೆ?

ಆಯುರ್ವೇದದಲ್ಲಿ ಇದು ಲಾಂಗಲಿ, ನೇಗಿಲಿನ ಆಕಾರದ ಗಡ್ಡೆ. ಉಪವಿಷ, ಅಂದರೆ ಎರಡನೇ ಸಾಲಿನ ವಿಷಗಳ ಪಟ್ಟಿಯಲ್ಲಿದೆ. ವಿಷ ತಗ್ಗಿಸಲು ಗೋಮೂತ್ರದಲ್ಲಿ ನೆನೆಸಿ ಶೋಧನೆ ಮಾಡುವ ಕ್ರಮವೂ ಇದೆ, ಆದರೆ ಅದು ಅಡುಗೆಮನೆಯ ಕೆಲಸ ಅಲ್ಲ. ಹಿಂದೆ ಹೆರಿಗೆ ಬೇಗ ಆಗಲೆಂದು ಗಡ್ಡೆ ಅರೆದು ಹೊಟ್ಟೆಗೆ, ಅಂಗಾಲಿಗೆ ಹಚ್ಚುತ್ತಿದ್ದರು. ಗರ್ಭಿಣಿಯರು ಇದರ ಹತ್ತಿರವೂ ಸುಳಿಯಬೇಡಿ.

ಒಬ್ಬ ಯಜಮಾನರು ಬೆಳಿಗ್ಗೆ ಕಷಾಯ ಕುಡಿದಿದ್ದರು. ಮಧ್ಯಾಹ್ನ ವಾಂತಿ, ಭೇದಿ. ಮನೆಯವರು ಊಟ ಹೆಚ್ಚುಕಮ್ಮಿ ಆಗಿರಬೇಕು ಅಂತ ಸುಮ್ನೆ ಮಜ್ಜಿಗೆ ಕೊಟ್ಟರು. ಈ ವಿಷದ ಮೋಸ ಇರುವುದೇ ಇಲ್ಲಿ. ಮೊದಲು ಹೊಟ್ಟೆ ಕೆಟ್ಟಂತೆ ಕಾಣುತ್ತದೆ, ಕಿಡ್ನಿ, ರಕ್ತ, ಹೃದಯಕ್ಕೆ ಪೆಟ್ಟು ಬೀಳುವುದು ಮರುದಿನದಿಂದ. ತಿಂದದ್ದು ಗೊತ್ತಾದರೆ ವಾಂತಿಗೆ ಕಾಯಬೇಡಿ, ಗಡ್ಡೆಯ ತುಂಡು ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಓಡಿ.

ಹಾಗಂತ ಬಳ್ಳಿ ಕಿತ್ತು ಎಸೆಯಬೇಡಿ, ದಯವಿಟ್ಟು. ಹಸಿರು, ಹಳದಿ, ಕೆಂಪು ಒಂದೇ ಎಸಳಿನಲ್ಲಿ ಉರಿಯುವ ಇಂಥ ಹೂ ಇನ್ನೆಲ್ಲಿದೆ? ಮಳೆಗೆ ಮುಂಚೆ, ನೀರು ನಿಲ್ಲದ ಮಣ್ಣಿನಲ್ಲಿ ಗಡ್ಡೆಯನ್ನು ಅಡ್ಡಡ್ಡ ಇಡಿ. ಮೊಳಕೆ ಬರುವುದು ತುದಿಯಿಂದ ಮಾತ್ರ, ತುದಿ ಮುರಿದರೆ ಆ ಕವಲು ಹೋಯಿತು. ಕೈಗವಸು ಇರಲಿ. ಹೂ ಮುಗಿದ ಮೇಲೆ ಬಳ್ಳಿ ಒಣಗುತ್ತದೆ, ಸತ್ತಿತೆಂದು ನೀರು ಸುರಿದರೆ ಗಡ್ಡೆ ಕೊಳೆಯುತ್ತದೆ. ಮಕ್ಕಳು, ದನಕರು ಓಡಾಡುವ ಕಡೆ ಬೇಡ.

ಆ ಯಜಮಾನರು ಉಳಿದರು. ಎರಡು ವಾರಕ್ಕೆ ತಲೆಗೂದಲೆಲ್ಲ ಉದುರಿತ್ತು, ಆಮೇಲೆ ಬಂತು. ಅವರ ಬೇಲಿಯ ಬಳ್ಳಿ ಈ ಗೌರಿ ಹಬ್ಬಕ್ಕೂ ಹೂ ಬಿಟ್ಟಿತ್ತು, ನನಗೂ ಒಂದು ಗೊಂಚಲು ಕಳಿಸಿದ್ದರು.