ಡ್ಯುರುಫ್ಲೆ ಯಾಕೆ ಇಷ್ಟು ಕಡಿಮೆ ಬರೆದರು?

ಓದುಗರ ಪ್ರಶ್ನೆ: ಫ್ರಾನ್ಸಿನ ಸಂಗೀತ ರಚನಕಾರ ಮೋರಿಸ್ ಡ್ಯುರುಫ್ಲೆ 84 ವರ್ಷ ಬದುಕಿದವರು. ಚರ್ಚ್ ಸಂಗೀತದಲ್ಲಿ ಅಷ್ಟು ದೊಡ್ಡ ಹೆಸರು. ಆದರೂ ಅವರ ಕೃತಿಗಳು ಬೆರಳೆಣಿಕೆಯಷ್ಟೇ ಯಾಕೆ?

ಉತ್ತರ: ನಿಜ, ಓಪಸ್ ಸಂಖ್ಯೆ (ಕೃತಿಗಳಿಗೆ ಕೊಡುವ ಕ್ರಮಸಂಖ್ಯೆ) ಇರುವ ಅವರ ಕೃತಿಗಳು ಬರೀ 14. ಬರೆದದ್ದು ಅವರಿಗೆ ಸುಲಭಕ್ಕೆ ಒಪ್ಪಿಗೆ ಆಗುತ್ತಿರಲಿಲ್ಲ. ಅಚ್ಚಾದ ಮೇಲೂ ತಿದ್ದುತ್ತಿದ್ದರು. ಚರ್ಚಿನ ದೊಡ್ಡ ಕೊಳವೆ ವಾದ್ಯ ಆರ್ಗನ್‌ಗೆ ಅವರು ಬರೆದ 'ಸ್ವೀಟ್' (ಹಲವು ಭಾಗಗಳ ಕೃತಿ) ಮುಗಿಯುವುದು ಒಂದು ಟೊಕಾಟಾದಿಂದ, ಅಂದರೆ ಬೆರಳ ಚಳಕ ತೋರಿಸುವ ವೇಗದ ತುಣುಕಿನಿಂದ. ಅದನ್ನು ಇವತ್ತಿಗೂ ಆರ್ಗನ್ ವಾದಕರು ಆಸೆಪಟ್ಟು ನುಡಿಸುತ್ತಾರೆ. ಬರೆದವರಿಗೆ ಮಾತ್ರ ಅದು ಹಿಡಿಸಲಿಲ್ಲ!

ಕೆಲಸವೂ ಜಾಸ್ತಿ ಇತ್ತು. 1929ರಿಂದ ಪ್ಯಾರಿಸ್‌ನ ಸೇಂತ್ ಎತಿಯೆನ್ ದ್ಯು ಮೋಂ ಚರ್ಚಿನಲ್ಲಿ ಆರ್ಗನ್ ವಾದಕರು. 1943ರಿಂದ 1970ರವರೆಗೆ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಕಾಲೇಜಿನಲ್ಲಿ ಹಾರ್ಮನಿ (ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವ ವಿದ್ಯೆ) ಪಾಠ.

ಆದರೆ ನನಗೆ ಮುಖ್ಯ ಅನಿಸುವ ಕಾರಣ ಅವರ ಬಾಲ್ಯದಲ್ಲಿದೆ. ಹುಟ್ಟಿದ್ದು 1902ರಲ್ಲಿ, ನಾರ್ಮಂಡಿಯ ಲೂವಿಯೇ ಊರಲ್ಲಿ. ಹತ್ತು ವರ್ಷದವರಿದ್ದಾಗ ರುಆಂ ಕೆಥೆಡ್ರಲ್‌ನ ಗಾಯಕರ ಶಾಲೆಗೆ ಸೇರಿದರು. ಅಲ್ಲಿ ದಿನವೂ ಕಿವಿಗೆ ಬಿದ್ದದ್ದು ಗ್ರೆಗೋರಿಯನ್ ಚಾಂಟ್. ಲ್ಯಾಟಿನ್ ಪ್ರಾರ್ಥನೆಯನ್ನು ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುವ ಹಳೇ ಪದ್ಧತಿ ಅದು. ಅಲ್ಲಿ ತಾಳದ ಕಟ್ಟಿಲ್ಲ, ಮಾತು ಹೋದ ಹಾಗೆ ಹಾಡು ಹೋಗುತ್ತದೆ.

ಇಂಥ ಧಾಟಿಗೆ ಹೊಸ ಕಾಲದ ಹಾರ್ಮನಿ ಕೂಡಿಸುವುದು ಬಲು ನಾಜೂಕಿನ ಕೆಲಸ. ಸ್ವಲ್ಪ ಜಾಸ್ತಿಯಾದರೂ ಮೂಲದ ಉಸಿರೇ ಕಟ್ಟುತ್ತದೆ. ತಂದೆಯ ನೆನಪಿಗೆ ಅರ್ಪಿಸಿದ 1947ರ 'ರೆಕ್ವಿಯೆಮ್' ಕೇಳಿ. ಸತ್ತವರಿಗಾಗಿ ಹಾಡುವ ಪೂಜೆಯ ಹಳೇ ಧಾಟಿಗಳೇ ಅದರ ಬೇರು. ಎರಡೆಣಿಕೆ, ಮೂರೆಣಿಕೆ ಎಂದು ಲಯ ಬದಲಾಗುತ್ತಲೇ ಇರುತ್ತದೆ, ಆದರೆ ಎಲ್ಲೂ ಎಡವುವುದಿಲ್ಲ. ಇಷ್ಟಾದ ಮೇಲೂ ಅವರು ಅದನ್ನು ಬಿಡಲಿಲ್ಲ. ಹಾಡುವವರ ಜೊತೆಗೆ ದೊಡ್ಡ ಆರ್ಕೆಸ್ಟ್ರಾ, ಬರೀ ಆರ್ಗನ್, ಸಣ್ಣ ಆರ್ಕೆಸ್ಟ್ರಾ ಅಂತ ಮೂರು ರೂಪ ಕೊಟ್ಟರು. ಇಷ್ಟು ಜತನದಿಂದ ಕೂತವರು ರಾಶಿಗಟ್ಟಲೆ ಬರೆಯೋಕೆ ಆಗಲ್ಲ, ಅಲ್ವಾ?

1960ರ ದಶಕದಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಸಭೆಯ ನಂತರ ಚರ್ಚುಗಳಲ್ಲಿ ಲ್ಯಾಟಿನ್ ಹಿಂದೆ ಸರಿಯಿತು. ಜೊತೆಗೆ ಚಾಂಟ್ ಕೂಡ. ಡ್ಯುರುಫ್ಲೆಗೆ ಇದು ತುಂಬಾ ನೋವು ಕೊಟ್ಟಿತು. ಆದರೂ 1966ರ 'ಕುಮ್ ಯೂಬಿಲೋ' ಮಾಸ್‌ನಲ್ಲಿ (ಚರ್ಚಿನ ಪೂಜೆಯ ಸಂಗೀತ) ಗಂಡಸರ ಗಾಯಕವೃಂದ ಚಾಂಟ್‌ನ ಹಾಗೇ ಒಂದೇ ಧಾಟಿಯಲ್ಲಿ ಹಾಡುತ್ತದೆ. 1975ರ ಕಾರ್ ಅಪಘಾತದ ನಂತರ ಅವರ ಸಂಗೀತ ಕಚೇರಿಗಳು ನಿಂತವು. 1977ರ ಕೊನೆಯ ಓಪಸ್ 'ನೋತ್ರ್ ಪೇರ್' ('ನಮ್ಮ ತಂದೆಯೇ' ಎಂಬ ಪ್ರಾರ್ಥನೆ) ಮಾತ್ರ ಫ್ರೆಂಚಿನಲ್ಲಿದೆ.

ಹೊಸದಾಗಿ ಕೇಳುವವರು ಮೊದಲು 1960ರ 'ಊಬಿ ಕಾರಿತಾಸ್' ಹಾಕಿಕೊಳ್ಳಿ. ವಾದ್ಯವಿಲ್ಲ, ಬರೀ ದನಿಗಳು, ಕೆಲವೇ ನಿಮಿಷ. ಆಮೇಲೆ 'ರೆಕ್ವಿಯೆಮ್'ಗೆ ಹೋಗಿ.