ನೀತಿ ಆಮೇಲೆ ಕೇಳೋಣ, ಕಾಗೆಗೆ ಅಡ್ಡ ಬಂದದ್ದೇನು?

ಕಥೆ ಮುಗಿದ ಕೂಡಲೇ 'ಇದರ ನೀತಿ ಏನು ಮಕ್ಕಳೇ?' ಎಂದು ಕೇಳುವ ರೂಢಿ ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಮಕ್ಕಳೂ ಜಾಣರು. ಯಾವ ಕಥೆಗಾದರೂ ಹೊಂದುವ ನಾಲ್ಕೈದು ನೀತಿಗಳನ್ನು ಬಾಯಿಪಾಠ ಮಾಡಿಟ್ಟುಕೊಂಡು ಒಪ್ಪಿಸಿಬಿಡುತ್ತಾರೆ. ಕಥೆ ತಲೆಗೆ ಹೋಗಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಕಥೆಯೊಳಗಿನ ಸಮಸ್ಯೆಯನ್ನು ಮಗು ಗುರುತಿಸುತ್ತದೆಯೇ ನೋಡಿ, ಆಗ ತಿಳಿಯುತ್ತದೆ.

ಬಾಯಾರಿದ ಕಾಗೆಯನ್ನೇ ತೆಗೆದುಕೊಳ್ಳಿ. 'ಇಲ್ಲಿ ಕಷ್ಟ ಏನು?' ಎಂದರೆ ಒಂದನೇ ತರಗತಿಯಲ್ಲಿ ಒಬ್ಬ 'ಕಾಗೆ' ಅನ್ನುತ್ತಾನೆ, ಇನ್ನೊಬ್ಬಳು 'ಕಲ್ಲು ಹಾಕ್ತು' ಅನ್ನುತ್ತಾಳೆ, ಮತ್ತೊಂದು ಮಗು ಇಡೀ ಕಥೆಯನ್ನೇ ಮೊದಲಿಂದ ಶುರುಮಾಡುತ್ತದೆ. ತುಸು ದೊಡ್ಡವರು 'ಬಾಯಾರಿಕೆ' ಎನ್ನುತ್ತಾರೆ. ಅಲ್ಲಿಗೇ 'ಶಭಾಷ್' ಹೇಳಬೇಡಿ.

'ಬಾಯಾರಿದ್ರೆ ಕುಡೀಲಿ, ಮಡಕೇಲಿ ನೀರಿದೆಯಲ್ಲ?'

'ಕೊಕ್ಕು ಎಟುಕಲ್ಲ ಮಿಸ್!'

ಈಗ ಸಿಕ್ಕಿತು. ಕಾಗೆಗೆ ಬೇಕಾದದ್ದು ನೀರು. ಅದು ತಳದಲ್ಲಿರುವುದು ಅಡ್ಡಿ. ಬೇಕಾದದ್ದು ಮತ್ತು ಅಡ್ಡಿ, ಎರಡೂ ಸೇರಿದರೇ ಸಮಸ್ಯೆ. ಹಾಗಾಗಿ ನಾನು ಶಿಕ್ಷಕರಿಗೆ ಹೇಳುವುದು ಇಷ್ಟೇ: 'ಯಾರಿಗೆ ಏನು ಬೇಕಿತ್ತು? ಆದರೆ ಏನಾಯ್ತು?' ಎಂದು ಕೇಳಿ.

ಕೇಳುವ ಹೊತ್ತೂ ಮುಖ್ಯ. ಕಾಗೆ ಕಲ್ಲು ಹುಡುಕುವ ಮೊದಲೇ ಕಥೆ ನಿಲ್ಲಿಸಿ. ಉದ್ದ ಕತ್ತಿನ ತಂಬಿಗೆಯಲ್ಲಿ ಒಂದಿಷ್ಟು ನೀರು ಹಾಕಿ ಮಕ್ಕಳ ಕೈಗೆ ಕೊಡಿ, ಬೆರಳೇ ಕೊಕ್ಕು. ಎಟುಕದಿದ್ದಾಗ 'ಬಗ್ಗಿಸಿದ್ರೆ?' ಎಂದು ಒಬ್ಬ ಕೇಳುತ್ತಾನೆ. 'ಎಲ್ಲಾ ಚೆಲ್ಲೋಗುತ್ತೆ ಕಣೋ' ಎಂದು ಪಕ್ಕದವಳು ಗದರುತ್ತಾಳೆ. ಉಪಾಯಕ್ಕಾಗಿ ಜಗಳವಾಡುವ ಮಕ್ಕಳಿಗೆ ಸಮಸ್ಯೆ ಆಗಲೇ ಅರ್ಥವಾಗಿದೆ. (ತರಗತಿ ಒದ್ದೆಯಾಗುತ್ತದೆ, ಆಗಲಿ.)

ಮಕ್ಕಳು ಕಥೆಯನ್ನು ಹೇಗೆ ನೆನಪಿಡುತ್ತಾರೆಂದು ಸಂಶೋಧಕಿಯರಾದ ನ್ಯಾನ್ಸಿ ಸ್ಟೈನ್ ಮತ್ತು ಕ್ರಿಸ್ಟೀನ್ ಗ್ಲೆನ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಕ್ಷೇತ್ರದಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಮಕ್ಕಳು ಕಥೆಯನ್ನು ಮತ್ತೆ ಹೇಳುವಾಗ ಏನು ನಡೆಯಿತು, ಕೊನೆಗೆ ಏನಾಯಿತು ಎಂಬುದನ್ನು ಉಳಿಸಿಕೊಳ್ಳುತ್ತಾರೆ. ಪಾತ್ರದ ಮನಸ್ಸಿನೊಳಗಿನ ಆಸೆ, ಭಯ ಹೆಚ್ಚಾಗಿ ಬಿಟ್ಟುಹೋಗುತ್ತವೆ. 'ಏನು ಬೇಕಿತ್ತು' ಎಂಬ ಪ್ರಶ್ನೆ ಅಲ್ಲಿಗೇ ಕೈಹಾಕುತ್ತದೆ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಕೊಠಡಿಗಳಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಇದು ನಮಗೆ ಅನುಕೂಲ. ಪುಣ್ಯಕೋಟಿಯ ಕಥೆ ಹೇಳಿ ನೋಡಿ. ಚಿಕ್ಕವರಿಗೆ ಹುಲಿಯೇ ಸಮಸ್ಯೆ. ದೊಡ್ಡವರಲ್ಲಿ ಯಾರಾದರೊಬ್ಬರು 'ಹುಲಿ ಬಿಟ್ಟು ಕಳಿಸ್ತಲ್ಲ, ವಾಪಸ್ ಹೋಗದಿದ್ರೆ ಆಗ್ತಿತ್ತು' ಎನ್ನುತ್ತಾರೆ. ಅಲ್ಲಿಂದ ಮಾತು ಆಳಕ್ಕಿಳಿಯುತ್ತದೆ: ಹಸುವಿಗೆ ಕರುವೂ ಬೇಕು, ಕೊಟ್ಟ ಮಾತೂ ಉಳಿಯಬೇಕು. ಹುಲಿಗೆ ಹಸಿವು, ಕರುವಿಗೆ ಅಮ್ಮ. ಒಂದೇ ಕಥೆಯಲ್ಲಿ ಒಬ್ಬೊಬ್ಬರ ಕಷ್ಟ ಒಂದೊಂದು. ಎಲ್ಲ ಉತ್ತರಗಳನ್ನೂ ಹಲಗೆಯ ಮೇಲೆ ಬರೆಯಿರಿ, ಒಂದನ್ನೇ ಸರಿ ಎಂದು ಗುರುತು ಹಾಕಬೇಡಿ.

ಮನೆಯಲ್ಲಿ ಓದಿ ಹೇಳುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಪ್ರತಿ ರಾತ್ರಿಯೂ ಪ್ರಶ್ನೆ ಬೇಡ. ಚಂದ್ರ, ಮಳೆ, ಬಣ್ಣಗಳ ಎಷ್ಟೋ ಚಿತ್ರಪುಸ್ತಕಗಳಲ್ಲಿ ಸಮಸ್ಯೆಯೇ ಇರುವುದಿಲ್ಲ, ಬಲವಂತವಾಗಿ ಹುಡುಕಿಸುವುದೂ ಬೇಡ.